ಎದ್ದು ನಿಲ್ಲದ ಮಧ್ಯಾಹ್ನ

ಶಾಸಕರು ಮೊದಲ ಸಲ ಗೆದ್ದ ದಿನ ಅವರ ಹೆಂಡತಿ ಟೀಚರಮ್ಮ ಮಾಡಿದ ಮೊದಲ ಕೆಲಸವೆಂದರೆ ಮುಂದಿನ ಕೋಣೆಯಲ್ಲಿದ್ದ ತಮ್ಮ ಪುಸ್ತಕದ ಕಪಾಟನ್ನು ಒಳಗೆ ಸಾಗಿಸಿದ್ದು.

"ಇನ್ನು ಜನ ಬರ್ತಾರೆ, ಕೂರೋಕೆ ಜಾಗ ಬೇಕಲ್ಲ" ಅಂದರು.

"ಯಾರು ಬರ್ತಾರೆ ಕಣೇ? ಗೆದ್ದಿರೋದೇ ಉಸಿರು ಬಿಗಿಹಿಡಿದು" ಎಂದು ಗಂಡ ನಕ್ಕರು.

ಮರುದಿನ ಬೆಳಿಗ್ಗೆ ಗಂಡ ಹಲ್ಲುಜ್ಜುತ್ತ ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಜನ. ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಾಯಿತುಂಬ ನೊರೆ ಇಟ್ಟುಕೊಂಡು, ಎಲ್ಲರಿಗೂ ತಲೆಯಾಡಿಸಿದ್ದೇ ಅವರ ಮೊದಲ ಸಾರ್ವಜನಿಕ ಭಾಷಣ ಎಂದು ಟೀಚರಮ್ಮ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಅಲ್ಲಿಂದ ಮುಂದೆ ಆ ಕೋಣೆ ಅವರ ಪಾಲಿಗೆ ಉಳಿಯಲಿಲ್ಲ. ನಲ್ಲಿಯಲ್ಲಿ ನೀರು ಬಾರದವರು, ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು, ಅಣ್ಣತಮ್ಮಂದಿರ ಗೋಡೆ ಜಗಳದವರು, ಸುಮ್ಮನೆ ಪೇಪರು ಓದಲು ಬಂದವರು. ಟೀಚರಮ್ಮ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದರೆ ಅಲ್ಲೂ ಒಂದು ತರಗತಿ. ಆ ಕೋಣೆಗೆ ಅವರು ಮಾಡಿದ ಕಟ್ಟಳೆ ಒಂದೇ: ಮೊದಲು ಬಂದವರಿಗೆ ಮೊದಲ ಮಾತು, ಯಾರಿಗೆ ಮತ ಹಾಕಿದಿರಿ ಎಂದು ಯಾರೂ ಯಾರನ್ನೂ ಕೇಳಕೂಡದು. ಒಮ್ಮೆ ಎದುರು ಪಕ್ಷದ ಧ್ವಜ ಹಿಡಿದು ಬೀದಿ ಸುತ್ತಿದವನೇ ಆಸ್ಪತ್ರೆಯ ಚೀಟಿಗೆಂದು ಬಂದು, ತಲೆತಗ್ಗಿಸಿ ಮೂಲೆಯಲ್ಲಿ ಕೂತಿದ್ದ. ಟೀಚರಮ್ಮ ಅವನ ಕೈಗೆ ಟೀ ಕೊಟ್ಟು, "ಧ್ವಜ ಹಿಡಿದು ಕೈ ನೋವಾಗಿರಬೇಕು, ಲೋಟ ಬಿಸಿ ಇದೆ, ಜೋಪಾನ" ಅಂದಿದ್ದರು. ಅವನು ಮುಂದೆಯೂ ಎದುರು ಪಕ್ಷಕ್ಕೇ ಮತ ಹಾಕಿದ. ಆದರೆ ಅವರ ಮನೆಯ ಗೇಟು ಕಿತ್ತುಹೋದಾಗ ಯಾರೂ ಹೇಳದೆ ಬಂದು ಸರಿಮಾಡಿ ಹೋದ.

ಗುಡುಗಪ್ಪನವರ ಪರಿಚಯವಾದದ್ದೂ ಆ ವರ್ಷವೇ. ಅದು ಸದನ ಇಟ್ಟ ಅಡ್ಡಹೆಸರು. ವಿರೋಧ ಪಕ್ಷದ ಮುಂದಿನ ಸಾಲಿನಲ್ಲಿ ಕೂತು ಅವರು ಬಾಯಿ ತೆಗೆದರೆ ಮೊಗಸಾಲೆಯಲ್ಲಿ ನಿದ್ದೆಗೆ ಜಾರಿದವರೂ ಎದ್ದು ಕೂರುತ್ತಿದ್ದರು. ಶಾಸಕರ ಮೊದಲ ಭಾಷಣದ ದಿನ ಟೀಚರಮ್ಮ ಮೇಲಿನ ಗ್ಯಾಲರಿಯಲ್ಲಿದ್ದರು. ಗಂಡನ ದನಿ ಎದುರು ಸಾಲಿಗೂ ಮುಟ್ಟಲಿಲ್ಲ. ಎದುರು ಸಾಲಿನಿಂದ ಸಿಡಿಲಿನಂತೆ ಬಂತು: "ಗಟ್ಟಿಯಾಗಿ ಹೇಳಯ್ಯಾ! ನಿನ್ನ ಬೈಯೋದಕ್ಕಾದ್ರೂ ನಮಗೆ ಕೇಳಿಸಬೇಕಲ್ಲ!" ಇಡೀ ಸದನ ನಕ್ಕಿತು. ಗಂಡನೂ ನಕ್ಕರು, ಮಾತು ಹರಿಯಿತು. ಅವಮಾನ ಮಾಡಿದನಲ್ಲ ಎಂದು ಟೀಚರಮ್ಮನಿಗೆ ಮೊದಲು ಕೋಪ ಬಂದಿತ್ತು. ಅದೇ ಮನುಷ್ಯ ತನ್ನ ಮುಂದಿದ್ದ ನೀರಿನ ಲೋಟವನ್ನು ಜವಾನನ ಕೈಯಲ್ಲಿ ಈ ಕಡೆಗೆ ಕಳಿಸಿದ್ದು ಕಂಡಮೇಲೆ ಕೋಪ ಎಲ್ಲಿ ಹೋಯಿತೋ.

ಮುಂದೆ ಅವರೇ ಮನೆಗೆ ಬರತೊಡಗಿದರು. "ಅತ್ತಿಗೆ, ಈ ನನ್ನ ವೈರಿಗೆ ಹಾಕೋ ಟೀಗೆ ಸಕ್ಕರೆ ಕಮ್ಮಿ ಮಾಡಿ, ಸದನದಲ್ಲಿ ಅತಿಯಾಗಿ ಸಿಹಿ ಮಾತಾಡ್ತಾನೆ" ಎಂದು ಒಳಗೆ ಬರುತ್ತಲೇ ಕೂಗುವರು. ಒಮ್ಮೆ ಶಾಸಕರು ಸೋತರು. ಆ ಐದು ವರ್ಷ ಮುಂದಿನ ಕೋಣೆಯ ಬೆಂಚು ಖಾಲಿ ಬಿತ್ತು. ಬೆಂಚಿನ ಮೇಲೆ ಬಟ್ಟೆ ಒಣಹಾಕಿದರೂ ನಡೆಯುತ್ತಿತ್ತು. ಆಗಲೂ ತಪ್ಪದೆ ಬರುತ್ತಿದ್ದವರು ಗುಡುಗಪ್ಪನವರು. ಬಂದು, ಬೆಂಚಿನ ತುದಿಯಲ್ಲಿ ಕೂತು, "ನನ್ನ ಸರದಿ ಯಾವಾಗ ಬರುತ್ತೆ ಅತ್ತಿಗೆ? ಇಲ್ಲಿ ತುಂಬ ರಶ್ಶು" ಅನ್ನುತ್ತಿದ್ದರು.

ಇನ್ನು ಸೂಜಿಯ ವಿಷಯ. ಟೀಚರಮ್ಮನ ತರಗತಿಯಲ್ಲಿ ಒಬ್ಬ ಸಣಕಲು ಹುಡುಗಿ ಇದ್ದಳು. ಮೈಯೂ ನಾಲಿಗೆಯೂ ಸೂಜಿಯ ಹಾಗೆ. ಹೆಸರು ಹಿಡಿದು ಯಾರೂ ಕರೆಯಲೇ ಇಲ್ಲ. ಶಾಲೆ ಬಿಟ್ಟಮೇಲೆ ಹೊಲಿಗೆ ಶೆಡ್ಡಿಗೆ ಸೇರಿದಳು, ಮದುವೆಯಾದಳು. ಒಂದು ಸಂಜೆ ಟೀಚರಮ್ಮ ಒಂದು ಅಂಗಿ ಹೊಲಿಸಲು ಅಲ್ಲಿಗೆ ಹೋದರೆ ಸೂಜಿ ಮಷೀನಿನ ಮುಂದೆ ಕೂತು ಹೊಲಿಯುತ್ತಿದ್ದಾಳೆ, ಮೈ ಕೆಂಡದಂತೆ ಸುಡುತ್ತಿದೆ. ಹೆತ್ತು ವಾರವಾಗಿರಲಿಲ್ಲ. ಕೂಸು ಬಟ್ಟೆಯ ತುಂಡುಗಳ ರಾಶಿಯ ಮೇಲೆ ಮಲಗಿತ್ತು. "ರಜೆ ಕೇಳಿದ್ರೆ ಮಷೀನು ಇನ್ನೊಬ್ಬಳಿಗೆ ಹೋಗುತ್ತೆ ಟೀಚರ್" ಅಂದಳು.

ಆ ದಿನ ಟೀಚರಮ್ಮ ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ದೊಡ್ಡ ಕಾರ್ಖಾನೆಗಳ ಹೆಂಗಸರಿಗೆ ಹೆರಿಗೆ ರಜೆ ಇದೆ, ಸಣ್ಣ ಶೆಡ್ಡಿನವರಿಗೆ ಯಾಕಿಲ್ಲ ಎಂದು ಗಂಡನನ್ನು ಕೇಳಿದರು. ಶಾಸಕರು ಮರುದಿನವೇ ಶೆಡ್ಡಿಗೆ ಹೋಗಿ, "ನಿಮಗೂ ಕಾನೂನು ಮಾಡಿಸ್ತೀನಮ್ಮ" ಎಂದು ಸೂಜಿಗೆ ಮಾತು ಕೊಟ್ಟು ಬಂದರು. ಆಗ ಅವರಿಗೆ ಮೀಸೆ ಕಪ್ಪಗಿತ್ತು, ಕಾನೂನೆಂದರೆ ಮುಂದಿನ ತಿಂಗಳು ಆಗಿಬಿಡುವ ವಸ್ತು ಅನ್ನಿಸಿತ್ತು. ಒಮ್ಮೆ ಮಸೂದೆ ಸಮಿತಿಯ ಕಪಾಟಿನಲ್ಲಿ ಮಲಗಿತು. ಒಮ್ಮೆ ಮಂತ್ರಿ ಬದಲಾದರು. ಒಮ್ಮೆ ಸದನವೇ ವಿಸರ್ಜನೆಯಾಯಿತು. ಪ್ರತಿ ಸಲವೂ ಶಾಸಕರು ಮೊದಲಿನಿಂದ ಶುರುಮಾಡಿದರು. ಏಳು ಸಲ ಗೆದ್ದು, ಇನ್ನು ನಿಲ್ಲುವುದಿಲ್ಲ ಎಂದು ಹೇಳಿಬಿಟ್ಟ ಮೇಲೆ, ಅವರ ಕೊನೆಯ ಅಧಿವೇಶನದಲ್ಲಿ, ಆ ಮಸೂದೆ ಅಂತೂ ಮತಕ್ಕೆ ಬರುವುದಿತ್ತು.

ಅಷ್ಟರಲ್ಲಿ ಗುಡುಗಪ್ಪನವರಿಗೆ ಹೊಟ್ಟೆನೋವು ಬಂತು.

ಸದನದಲ್ಲಿ ಹಳಬರು ಪಾಲಿಸಿಕೊಂಡು ಬಂದ ಒಂದು ಪದ್ಧತಿ ಇತ್ತು. ಎದುರು ಬದುರು ಪಕ್ಷದ ಇಬ್ಬರು ಜೋಡಿ ಮಾಡಿಕೊಳ್ಳುವುದು. ಒಬ್ಬರಿಗೆ ಕಾಯಿಲೆ ಕಸಾಲೆ ಎಂದು ಬರಲಾಗದಿದ್ದರೆ ಇನ್ನೊಬ್ಬರೂ ಮತ ಹಾಕುವುದಿಲ್ಲ. ಆಗ ಯಾರ ಪಕ್ಷಕ್ಕೂ ನಷ್ಟವಿಲ್ಲ. ನಿಯಮಗಳ ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ, ಬರೀ ಬಾಯಿಮಾತು. ಶಾಸಕರೂ ಗುಡುಗಪ್ಪನವರೂ ಎಷ್ಟೋ ವರ್ಷಗಳ ಜೋಡಿ. ಅದು ಶುರುವಾದದ್ದು ಟೀಚರಮ್ಮನ ಹೆರಿಗೆಯ ದಿನ. ಆಸ್ಪತ್ರೆಯಿಂದ ಫೋನು ಬಂದಾಗ ಸದನದಲ್ಲಿ ಸರ್ಕಾರ ಉಳಿಯುತ್ತೋ ಉರುಳುತ್ತೋ ಎನ್ನುವ ಮತದಾನ. ಶಾಸಕರು ಬಾಗಿಲ ಬಳಿ ಬೆವರುತ್ತ ನಿಂತಿದ್ದರು. ಗುಡುಗಪ್ಪನವರು ಬಂದು ಅವರ ಹೆಗಲು ಹಿಡಿದು ಹೊರಗೆ ತಳ್ಳಿದರಂತೆ: "ನಡಿಯಯ್ಯಾ, ನಾನೂ ಒಳಗೆ ಹೋಗಲ್ಲ. ಸರ್ಕಾರ ಬೀಳಿಸೋದಕ್ಕೆ ಇನ್ನೊಂದು ದಿನ ಸಿಗುತ್ತೆ, ಮೊದಲ ಮಗು ಇನ್ನೊಂದು ಸಲ ಹುಟ್ಟಲ್ಲ." ಸರ್ಕಾರ ಉಳಿಯಿತು. ಮಗಳು ಹುಟ್ಟಿದಳು. ಗುಡುಗಪ್ಪನವರು ತಮ್ಮ ಪಕ್ಷದವರಿಂದ ತಿಂಗಳುಗಟ್ಟಲೆ ಬೈಸಿಕೊಂಡರು. ಅದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಟೀಚರಮ್ಮನಿಗೆ ಬೇರೆಯವರಿಂದ ಗೊತ್ತಾಯಿತು.

ಈಗ ಅವರ ಸರದಿ. ಆಪರೇಷನ್ ಆಗಬೇಕು ಎಂದಾಗ, "ಈ ವಾರ ನಾನಿಲ್ಲ, ನೋಡ್ಕೊಳ್ಳಯ್ಯಾ" ಅಂದರು. "ನೆಮ್ಮದಿಯಾಗಿ ಹೋಗಿ ಬಾ" ಅಂದರು ಶಾಸಕರು. ಹೆರಿಗೆ ರಜೆಯ ಮಸೂದೆ ಮುಂದಿನ ವಾರ ಬರುವುದೆಂದೇ ಇಬ್ಬರ ಲೆಕ್ಕ.

ಆ ದಿನ ಮಧ್ಯಾಹ್ನ ಶಾಸಕರೂ ಟೀಚರಮ್ಮನೂ ವಿಧಾನಸಭೆಯ ಕ್ಯಾಂಟೀನಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದರು. ಕೊನೆಯ ಅಧಿವೇಶನವೆಂದು ಟೀಚರಮ್ಮ ದಿನವೂ ಜೊತೆಗೆ ಬರುತ್ತಿದ್ದರು. ಆಡಳಿತ ಪಕ್ಷದ ಸಚೇತಕ, ಎಂದರೆ ಮತದಾನಕ್ಕೆ ತಮ್ಮವರನ್ನೆಲ್ಲ ಕಲೆಹಾಕುವ ಚುರುಕು ಯುವಕ, ಓಡಿ ಬಂದ.

"ಸರ್, ಒಳ್ಳೇ ಸುದ್ದಿ! ನಿಮ್ಮ ಮಸೂದೆ ಇವತ್ತೇ ತಗೊಂಡಿದ್ದೀವಿ. ಎದುರುಗಡೆ ಸುಮಾರು ಜನ ಬಂದಿಲ್ಲ. ಒಂದೇ ಒಂದು ಮತದಲ್ಲಿ ಗೆಲ್ತೀವಿ. ಹೊಲಿಗೆಯವರಿಗೂ ಹೇಳಿ ಕಳಿಸಿದ್ದೆ, ಗ್ಯಾಲರಿಗೆ ಬಂದಿದ್ದಾರೆ."

ಶಾಸಕರ ಮುಖ ಅರಳಿ, ಹಾಗೇ ಬಾಡಿತು. "ನನಗೆ ಜೋಡಿ ಇದೆಯಪ್ಪಾ. ಗುಡುಗಪ್ಪ ಆಸ್ಪತ್ರೆಲಿದ್ದಾನೆ."

"ಬರೆದು ಕೊಟ್ಟಿದ್ದೀರಾ ಸರ್?"

"ಇಲ್ಲ. ಮಾತು."

"ಅಯ್ಯೋ, ಅದೆಲ್ಲ ಹಳೇ ಕಾಲದ್ದು ಸರ್. ಯಾರು ಕೇಳ್ತಾರೆ? ಬಂದುಬಿಡಿ" ಎಂದು ಯುವಕ ಬಂದ ವೇಗದಲ್ಲೇ ಹೋದ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. "ಫೋನ್ ಮಾಡಿ ಕೇಳ್ರೀ" ಅಂದರು ಟೀಚರಮ್ಮ. "ಅವರೇ ಹೂಂ ಅಂತಾರೆ, ನನಗೆ ಗೊತ್ತು." ಶಾಸಕರು ಮಾಡಿದರು. ಗುಡುಗಪ್ಪನವರ ಸೊಸೆ ಎತ್ತಿಕೊಂಡಳು. ಮಾವನವರನ್ನು ಆಗತಾನೆ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು ಅಂದಳು. ಶಾಸಕರು ಫೋನನ್ನು ಮೇಜಿನ ಮೇಲೆ ಮಲಗಿಸಿದಂತೆ ಇಟ್ಟರು.

"ಅವರಿಗೆ ಎಚ್ಚರವಿದ್ದಿದ್ರೆ ಬಿಟ್ಟುಕೊಡ್ತಿದ್ರು" ಎಂದರು ಟೀಚರಮ್ಮ ಮತ್ತೆ.

"ಇರಬಹುದು. ಆದ್ರೆ ಎಚ್ಚರ ತಪ್ಪಿಸಿ ಮಲಗಿಸಿದವನ ಪರವಾಗಿ ನಾನೇ ಹೂಂ ಅಂದುಕೊಳ್ಳೋದು ಹೇಗೆ ಹೇಳು? ಇಲ್ಲೇ ಕೂತಿರ್ತೀನಿ. ಗಂಟೆ ಹೊಡೆದು ಬಾಗಿಲು ಹಾಕಿದ ಮೇಲೆ ಮನೆಗೆ ಹೋಗೋಣ."

ಟೀ ಬಂತು. ಕ್ಯಾಂಟೀನಿನವನು ಕೇಳದೆಯೇ ಶಾಸಕರ ಲೋಟವನ್ನು ಅರ್ಧ ಮಾತ್ರ ತುಂಬಿಸಿದ್ದ. ಅವರ ಕೈ ನಡುಗುವುದನ್ನು ಯಾವಾಗಲೋ ಗಮನಿಸಿರಬೇಕು. ಟೀಚರಮ್ಮನ ಕಣ್ಣ ಮುಂದೆ ಬಟ್ಟೆ ತುಂಡುಗಳ ರಾಶಿಯ ಮೇಲಿನ ಕೂಸಿತ್ತು. ಗುಡುಗಪ್ಪನವರು ತಳ್ಳಿದ ಹೆಗಲೂ ಇತ್ತು. ಎರಡರಲ್ಲಿ ಯಾವುದನ್ನು ಬಿಡಲಿ ಎಂದರೆ ಯಾವುದೂ ಬಿಡುತ್ತಿರಲಿಲ್ಲ.

ಆಗ ಮತದಾನದ ಗಂಟೆ ಹೊಡೆಯಿತು. ಮೊಗಸಾಲೆ, ಕ್ಯಾಂಟೀನು, ಮೆಟ್ಟಿಲು, ಎಲ್ಲ ಕಡೆಯೂ ಒಟ್ಟಿಗೆ ಹೊಡೆಯುವ ಗಂಟೆ ಅದು. ಶಾಸಕರು ಲೋಟ ಇಟ್ಟರು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಎದ್ದರು, ನಡೆದರು. ಇಷ್ಟು ವರ್ಷ ಆ ಗಂಟೆಗೆ ಎದ್ದ ಕಾಲುಗಳು. ಅವಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮುಖ ನೋಡಿದರೆ ನಿದ್ದೆಯಲ್ಲಿ ನಡೆಯುವವರ ಹಾಗಿತ್ತು. ಟೀಚರಮ್ಮ ಅದನ್ನು ಕಂಡರು. 'ರೀ' ಎಂದು ಒಂದು ಸಲ ಕೂಗಿದ್ದರೆ ನಿಲ್ಲುತ್ತಿದ್ದರು. ಬಾಯಿ ತೆರೆದರು. ಕೂಗಲಿಲ್ಲ. ಬ್ಯಾಗು ಎತ್ತಿಕೊಂಡು, ಮೊಣಕಾಲು ಹಿಡಿದುಕೊಂಡು, ಗ್ಯಾಲರಿಯ ಮೆಟ್ಟಿಲು ಹತ್ತಿದರು.

ಮೇಲೆ ಮುಂದಿನ ಸಾಲಿನಲ್ಲಿ ಸೂಜಿ ಕೂತಿದ್ದಳು. ತಲೆ ನರೆತಿತ್ತು, ನಾಲಿಗೆಗೆ ವಯಸ್ಸಾಗಿರಲಿಲ್ಲ. "ಬನ್ನಿ ಟೀಚರ್, ನಿಮಗೇ ಅಂತ ಜಾಗ ಹಿಡಿದಿದ್ದೀನಿ. ಹಿಂದೆ ನೀವು ನನ್ನ ಮುಂದಿನ ಬೆಂಚಿಗೆ ಕೂರಿಸ್ತಿದ್ರಲ್ಲ, ಈಗ ನನ್ನ ಸರದಿ" ಎಂದು ಸರಿದು ಕೂತಳು. "ನನ್ನ ಸೊಸೆಗೆ ಏಳು ತಿಂಗಳು. ಅವಳಾದ್ರೂ ಮಲಗಲಿ ನಾಲ್ಕು ದಿನ."

ಕೆಳಗೆ ಬಾಗಿಲುಗಳು ಮುಚ್ಚಿದವು. ಅಗುಳಿಯ ಸದ್ದಿಗೆ ಶಾಸಕರು ಬೆಚ್ಚಿ ಸುತ್ತ ನೋಡಿದರು. ತಾವು ಎಲ್ಲಿದ್ದೇವೆಂದು ಆಗ ಅವರಿಗೆ ಅರಿವಾದದ್ದು ಟೀಚರಮ್ಮನಿಗೆ ಮೇಲಿನಿಂದಲೇ ತಿಳಿಯಿತು.

"ಮಸೂದೆಯ ಪರವಾಗಿರುವ ಸದಸ್ಯರು ಎದ್ದು ನಿಲ್ಲಬೇಕು" ಎಂದರು ಸಭಾಧ್ಯಕ್ಷರು.

ಆಡಳಿತ ಪಕ್ಷದ ಸಾಲುಗಳು ಎದ್ದವು. ಶಾಸಕರು ಏಳಲಿಲ್ಲ. ಪಕ್ಕದವರು ಅವರ ಮೊಣಕೈ ಹಿಡಿದು ಎಳೆದರು. ಸಚೇತಕ ಹಿಂದಿನ ಸಾಲಿನಿಂದ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

"ಹಿರಿಯ ಸದಸ್ಯರಿಗೆ ಏಳಲು ತೊಂದರೆಯಿದ್ದರೆ ಕೈ ಎತ್ತಬಹುದು" ಎಂದರು ಸಭಾಧ್ಯಕ್ಷರು ಮೆತ್ತಗೆ.

"ತೊಂದರೆ ಇಲ್ಲ ಸಭಾಧ್ಯಕ್ಷರೇ. ನಾನು ಕೂತಿದ್ದೀನಿ" ಎಂದರು ಶಾಸಕರು. ದನಿ ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಿತು.

ವಿರೋಧವಾಗಿರುವವರು ಎದ್ದಾಗಲೂ ಅವರು ಕೂತೇ ಇದ್ದರು. ಎಣಿಕೆಯಾಯಿತು. ಪರ ವಿರೋಧ ಸಮ. ಸಮವಾದಾಗ ಇದ್ದದ್ದನ್ನು ಇದ್ದ ಹಾಗೇ ಉಳಿಸುವುದು ಪೀಠದ ಪದ್ಧತಿ ಎಂದು ಸಭಾಧ್ಯಕ್ಷರು ಓದಿದರು. ಮಸೂದೆ ಬಿದ್ದುಹೋಯಿತು.

"ಯಾಕೆ ಟೀಚರ್?" ಎಂದಳು ಸೂಜಿ. "ಅವರು ಯಾಕೆ ಏಳಲಿಲ್ಲ?"

ಟೀಚರಮ್ಮ ಇದ್ದದ್ದು ಇದ್ದಂತೆ ಹೇಳಿದರು. ಆಸ್ಪತ್ರೆ, ಜೋಡಿ, ಕೊಟ್ಟ ಮಾತು.

ಸೂಜಿ ಕೇಳಿಸಿಕೊಂಡಳು. ಸೆರಗು ಜಾರಿದ್ದನ್ನೂ ಸರಿಮಾಡಿಕೊಳ್ಳದೆ ಎದ್ದು ನಿಂತಳು. "ನಮಗೂ ಮಾತು ಕೊಟ್ಟಿದ್ರಲ್ಲ ಟೀಚರ್. ಅದು ಮೊದಲು ಕೊಟ್ಟಿದ್ದು." ಹೇಳಿ ಹೊರಟುಹೋದಳು.

ಎರಡು ದಿನ ಪಕ್ಷದವರು ಫೋನು ಮಾಡಿ ಬೈದರು. ಇನ್ನು ಕೆಲವರು ಫೋನು ಮಾಡದೆ ಬೈದರು. ಶಾಸಕರು ಬೆಂಚಿನ ಮೇಲೆ, ಬಂದವರು ಕೂರುವ ಜಾಗದಲ್ಲಿ, ತಾವೇ ಕೂತಿರುತ್ತಿದ್ದರು. ಮೂರನೆಯ ದಿನ ಟೀಚರಮ್ಮ ಮಸೂದೆಯ ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡು, "ಏಳಿ, ಆಸ್ಪತ್ರೆಗೆ ಹೋಗೋಣ" ಅಂದರು.

ಗುಡುಗಪ್ಪನವರು ದಿಂಬಿಗೆ ಒರಗಿದ್ದರು. ಹೊಲಿಗೆ ಎಳೆಯುತ್ತದೆಂದು ಡಾಕ್ಟರು ಜೋರಾಗಿ ಮಾತಾಡಬಾರದು ಅಂದಿದ್ದರು. ಅವರ ಪಿಸುಮಾತೇ ಕಾರಿಡಾರಿಗೆ ಕೇಳಿಸುತ್ತಿತ್ತು.

"ದಡ್ಡ ಕಣಯ್ಯಾ ನೀನು! ಎದ್ದು ನಿಲ್ಲೋದಲ್ವಾ? ನಿನ್ನ ಸ್ವಂತ ಮಸೂದೆ!"

"ನೀನು ನಿಲ್ತಿದ್ಯಾ?"

ಗುಡುಗಪ್ಪನವರು ಚಾವಣಿ ನೋಡಿದರು. "ಅದು ಬೇರೆ ವಿಷಯ" ಅಂದರು ಕೊನೆಗೆ.

"ನೀವಾದ್ರೂ ಯಾಕೆ ವಿರೋಧ ಮಾಡ್ತಿದ್ರಿ?" ಎಂದರು ಟೀಚರಮ್ಮ. ಇಷ್ಟು ವರ್ಷದಲ್ಲಿ ಅದನ್ನು ಅವರು ಕೇಳಿರಲೇ ಇಲ್ಲ.

"ರಜೆಗಲ್ಲ ಅತ್ತಿಗೆ, ಮೂರನೇ ಕಲಮಿಗೆ. ನಾಲ್ಕು ಮಷೀನಿನ ಶೆಡ್ಡಿನವನು ಕೆಲಸ ಮಾಡದವಳಿಗೂ ಪೂರ್ತಿ ಸಂಬಳ ಎಲ್ಲಿಂದ ತರ್ತಾನೆ? ಬಾಗಿಲು ಹಾಕ್ತಾನೆ. ಅರ್ಧ ಸರ್ಕಾರ ಕೊಡಲಿ ಅಂತ ಸದನದಲ್ಲೇ ಹೇಳಿದ್ದೆ."

"ಯಾವಾಗ ಹೇಳಿದ್ದೆ?"

"ಹೇಳಿದ್ದೆ ಕಣಯ್ಯಾ. ನೀನು ಆಗ ನನಗೆ ಅಡ್ಡ ಬಾಯಿ ಹಾಕೋದರಲ್ಲಿದ್ದೆ."

ಇಬ್ಬರೂ ನಕ್ಕರು. ಗುಡುಗಪ್ಪನವರು ಹೊಟ್ಟೆ ಹಿಡಿದುಕೊಂಡು ನರಳುತ್ತ ನಕ್ಕರು. ನರ್ಸ್ ಬಂದು, "ಇಲ್ಲಿ ಸಭೆ ಮಾಡೋ ಹಾಗಿಲ್ಲ" ಎಂದು ಗದರಿ ಹೋದಳು. ಟೀಚರಮ್ಮ ಮಾತ್ರ ನಗಲಿಲ್ಲ. ಗ್ಯಾಲರಿಯಲ್ಲಿ ಸೂಜಿ ಅಂದ ಮಾತನ್ನು, ಒಂದಕ್ಷರ ಬಿಡದೆ, ಇಬ್ಬರಿಗೂ ಹೇಳಿದರು. ಹೇಳಿ, "ಗಂಟೆ ಹೊಡೆದಾಗ ಇವರು ಎದ್ದು ಹೋದ್ರು, ನಾನು ಕೂಗಲಿಲ್ಲ. ಮಸೂದೆ ಗೆಲ್ಲಲಿ ಅಂತಲೇ ಕೂಗಲಿಲ್ಲ" ಎಂದರು.

ಶಾಸಕರು ಹೆಂಡತಿಯನ್ನೇ ನೋಡಿದರು. ಆಮೇಲೆ ಕೈ ಚಾಚಿ ಅವರ ಬ್ಯಾಗನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅದು ಅವರಿಗೆ ಭಾರವಾಗುತ್ತಿರಬೇಕು ಎನ್ನುವ ಹಾಗೆ.

"ಓದಿ ಅತ್ತಿಗೆ ಮೂರನೇ ಕಲಮು" ಎಂದರು ಗುಡುಗಪ್ಪನವರು. "ಪೆನ್ನಿದೆಯಾ? ನಾನು ಚುನಾವಣೆಗೆ ನಿಲ್ಲೋನು. ಗೆದ್ದರೆ ನಾನೇ ತರ್ತೀನಿ."

"ಸೋತರೆ?" ಎಂದರು ಶಾಸಕರು.

"ನನ್ನ ಸೋಲಿಸಿದವನ ಮನೆ ಬೆಂಚಿನ ಮೇಲೆ ಇಬ್ಬರೂ ಹೋಗಿ ಕೂರೋಣ. ನೀನು ಕೂರೋದರಲ್ಲಿ ಪಳಗಿದ್ದೀಯ."

ಮಧ್ಯಾಹ್ನವೆಲ್ಲ ಆ ಮೂವರು ಒಂದು ಕಲಮಿಗೆ ಜಗಳವಾಡಿದರು. ಟೀಚರಮ್ಮ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು.

ಅಲ್ಲಿಂದ ಶಾಸಕರು ಮನೆಗೆ ಹೋಗೋಣ ಅನ್ನಲಿಲ್ಲ. ತಾವೇ ಹೊಲಿಗೆ ಶೆಡ್ಡಿನ ಬೀದಿಗೆ ತಿರುಗಿದರು. ಮೋಟು ಬಾಗಿಲು, ಒಳಗೆ ಮಷೀನುಗಳ ಗದ್ದಲ, ಎಣ್ಣೆಯ ವಾಸನೆ, ನೆಲದ ತುಂಬ ದಾರದ ತುಂಡು. ಸೂಜಿ ತಲೆಯೆತ್ತಿ ನೋಡಿದಳು, ಮಷೀನು ನಿಲ್ಲಿಸಲಿಲ್ಲ. ಕಾಲಿನಿಂದ ಒಂದು ಸ್ಟೂಲನ್ನು ಮುಂದಕ್ಕೆ ನೂಕಿದಳು.

"ಕೂತ್ಕೊಳ್ಳಿ. ಕೂರೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಶಾಸಕರು ಕೂತರು. "ನಿನಗೆ ಮೊದಲು ಕೊಟ್ಟ ಮಾತು ಅದು, ನಿಜಮ್ಮ. ಎರಡೂ ಮಾತು ಒಂದೇ ಮಧ್ಯಾಹ್ನ ಎದುರು ಬರುತ್ತೆ ಅಂತ ನನಗೆ ಗೊತ್ತಾಗಲಿಲ್ಲ" ಎಂದರು.

"ನನ್ನ ಸೊಸೆಗೆ ಅದನ್ನ ಹೇಳಿದ್ರೆ ನೋವು ಕಮ್ಮಿಯಾಗುತ್ತಾ?"

"ಇಲ್ಲ."

ಸೂಜಿ ಹೊಲಿದಳು. ಶಾಸಕರು ತಿದ್ದಿದ ಕಲಮನ್ನು ಓದಿದರು, ಅರ್ಧ ಮಾಲೀಕ, ಅರ್ಧ ಸರ್ಕಾರ ಎಂದು ಬಿಡಿಸಿ ಹೇಳಿದರು. ಅವಳು ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದಳು. "ಸರ್ಕಾರದ ಅರ್ಧ ಯಾವಾಗ ಬರುತ್ತೆ? ಮಗು ಶಾಲೆಗೆ ಹೋದ ಮೇಲಾ? ಅದನ್ನೂ ಬರೀರಿ, ಹೆರಿಗೆಗೆ ಮೊದಲೇ ಕೊಡಬೇಕು ಅಂತ."

ಶಾಸಕರು ಪೆನ್ನಿಗಾಗಿ ಜೇಬು ತಡಕಿದರು. ಟೀಚರಮ್ಮ ತಮ್ಮದನ್ನು ಕೊಟ್ಟರು.

"ನಿಮ್ಮ ಗುಡುಗಪ್ಪನವರು ಎದ್ದು ಓಡಾಡೋ ಹಾಗಾದ್ಮೇಲೆ ಹೇಳಿ" ಎಂದಳು ಸೂಜಿ. "ನಾನೇ ಹೋಗಿ ಮಾತಾಡ್ತೀನಿ. ನಿಮ್ಮಿಬ್ಬರ ನಡುವೆ ಬಿಟ್ರೆ ಮತ್ತೆ ಯಾರೋ ಒಬ್ಬರು ಕೂತೇ ಬಿಡ್ತೀರ."

ಮಾತು ಹರಿತವಾಗಿಯೇ ಇತ್ತು. ಶಾಸಕರು ಹಣೆಯ ಬೆವರು ಒರೆಸಿಕೊಂಡು, ಸ್ಟೂಲಿನ ಮೇಲೆ ಬಗ್ಗಿ ಬರೆಯತೊಡಗಿದ್ದರು. ಮುಂದಿನ ಬಟ್ಟೆಯನ್ನು ಮಷೀನಿಗೆ ಕೊಡುವ ಮೊದಲು ಸೂಜಿ ತನ್ನ ಕಡೆಗಿದ್ದ ಮೇಜಿನ ಫ್ಯಾನನ್ನು ಅವರ ಕಡೆಗೆ ತಿರುಗಿಸಿದ್ದನ್ನು ಟೀಚರಮ್ಮ ಮಾತ್ರ ನೋಡಿದರು.